ಹಾಜರಿ ಹಾಕಿದ್ರೆ ಕಲಿತ ಹಾಗಾ?

ಈಗಷ್ಟೇ ಒಂದು ಆನ್‌ಲೈನ್ ಸಭೆ ಮುಗಿಸಿ ಎದ್ದೆ. ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಭಿವೃದ್ಧಿಶೀಲ ದೇಶಗಳ ರೈತರು ಹೊಸದನ್ನು ಕಲಿಯುವಂತೆ ಮಾಡೋದು ಹೇಗೆ ಅನ್ನೋದು ವಿಷಯ. ಸ್ಲೈಡ್ ಮೇಲೆ ಸ್ಲೈಡ್. ಎಷ್ಟು ಜನಕ್ಕೆ ತರಬೇತಿ, ಎಷ್ಟು ಸರ್ಟಿಫಿಕೇಟು, ಅದರಲ್ಲಿ ಹೆಂಗಸರೆಷ್ಟು. "ಅವರೆಲ್ಲ ಈಗ ಹೊಲದಲ್ಲಿ ಬೇರೆ ಏನು ಮಾಡ್ತಿದ್ದಾರೆ?" ಅಂತ ಚಾಟ್‌ನಲ್ಲಿ ಕೇಳಿದೆ. "ಒಳ್ಳೆ ಪ್ರಶ್ನೆ ಮೇಡಂ" ಅಂದರು. ಮುಂದಿನ ಸ್ಲೈಡಿಗೆ ಹೋದರು.

ನನ್ನ ಹೊಟ್ಟೆಪಾಡೂ ಇದೇ ಕ್ಷೇತ್ರ, ನಿಮಗೆ ಗೊತ್ತಲ್ಲ. ಹಾಗಾಗಿ ಸಿಟ್ಟು ಸ್ವಲ್ಪ ಜಾಸ್ತಿನೇ.

ಮೇಲಿಂದ ಪಾಠ ಸುರಿಯೋ ಈ ಚಟ ಹೊಸದೇನಲ್ಲ. 1970ರ ದಶಕದಿಂದ ವಿಶ್ವಬ್ಯಾಂಕ್ 'ತರಬೇತಿ ಮತ್ತು ಭೇಟಿ' ಅನ್ನೋ ಪದ್ಧತಿಯನ್ನು ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಹಬ್ಬಿಸಿತು. ಮೇಲಿನವರು ಹಳ್ಳಿಗೆ ಹೋಗೋ ಕೃಷಿ ಕಾರ್ಯಕರ್ತರಿಗೆ ಹೇಳಬೇಕು, ಅವರು ಆಯ್ದ ರೈತರಿಗೆ, ಆ ರೈತರು ಉಳಿದವರಿಗೆ. ಸಾಲದ ದುಡ್ಡು ನಿಂತ ಮೇಲೆ ಬಹಳ ಕಡೆ ಅದೂ ಮಲಗಿತು.

ಬೇರೆ ದಾರಿ ಬೇಕಾ, ಇಂಡೊನೇಷ್ಯಾ ನೋಡಿ. ಅಲ್ಲಿ ಕಂದು ಜಿಗಿಹುಳು ಭತ್ತವನ್ನು ನುಂಗುತ್ತಿತ್ತು. ಔಷಧ ಹೊಡೆದಷ್ಟೂ ಹುಳ ಜಾಸ್ತಿ, ಯಾಕಂದ್ರೆ ಅದನ್ನು ತಿನ್ನೋ ಜೇಡಗಳೂ ಸಾಯುತ್ತಿದ್ದವು. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಸುಮಾರು 25 ಜನರ ಗುಂಪು, ಬೆಳೆ ಮುಗಿಯೋವರೆಗೂ ವಾರಕ್ಕೊಮ್ಮೆ ಗದ್ದೆಗೆ ಇಳಿಯಬೇಕು. ಕಂಡ ಹುಳಗಳನ್ನು ದೊಡ್ಡ ಹಾಳೆಯಲ್ಲಿ ಬಿಡಿಸಬೇಕು. ಹೊಡೆಯೋದಾ, ಬಿಡೋದಾ ಅಂತ ಅಲ್ಲೇ ವಾದ ಮಾಡಬೇಕು. ಜೇಡ, ಜಿಗಿಹುಳು ಎರಡನ್ನೂ ಒಂದೇ ಜಾಡಿಗೆ ಬಿಟ್ಟು, ಯಾವುದು ಯಾವುದನ್ನು ತಿನ್ನುತ್ತೆ ಅಂತ ಕೂತು ನೋಡಬೇಕು. ಇದನ್ನು ಕಣ್ಣಾರೆ ಕಂಡವರಿಗೆ ಔಷಧ ಮಾರೋರ ಮಾತು ಅಷ್ಟು ಸುಲಭಕ್ಕೆ ಇಳಿಯಲ್ಲ. ಈ ಕಲಿಕೆಯನ್ನು ನಿಮ್ಮ ಹಾಜರಿ ಪಟ್ಟಿಯ ಯಾವ ಕಾಲಂನಲ್ಲಿ ತುಂಬ್ತೀರಿ ಸ್ವಾಮಿ?

ಕೆಲವರು ಆಗಲೇ ಕಾಮೆಂಟ್ ಟೈಪ್ ಮಾಡ್ತಿರ್ತೀರಿ. ಈ ಪಾಠಶಾಲೆಗಳಿಗೆ ಖರ್ಚು ಜಾಸ್ತಿ, ಕಲಿತವರಿಂದ ಅಕ್ಕಪಕ್ಕದವರಿಗೆ ಹರಡಲೂ ಇಲ್ಲ, ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರೇ ಬರೆದಿದ್ದಾರೆ ಅಂತ. ಬರೆದಿದ್ದಾರೆ, ಓದಿದ್ದೇನೆ. ವಾರಗಟ್ಟಲೆ ಕೆಸರಲ್ಲಿ ನಿಂತು ಕಲಿತದ್ದು ಬದುವಿನ ಆಚೆಗೆ ತಾನಾಗಿ ಹಾರಿಹೋಗೋಕೆ ಅದೇನು ಗಾಳಿಸುದ್ದಿಯಾ? ಒಂದು ದಿನದ ತರಬೇತಿ ಅಗ್ಗ ಅಂತೀರಲ್ಲ, ಸರಿ, ಅದರಿಂದ ಹೊಲದಲ್ಲಿ ಬದಲಾದ ಒಂದು ವಿಷಯ ಹೇಳಿ ನೋಡೋಣ.

ಇನ್ನೊಂದು ಉರಿ. ಕಲಿಯಬೇಕಾದವರು ರೈತರು ಮಾತ್ರ ಅಂತ ಯಾರು ಹೇಳಿದ್ದು? ಜಿ20 ದೇಶಗಳು 2012ರಲ್ಲಿ ಹುಟ್ಟುಹಾಕಿದ ಉಷ್ಣವಲಯ ಕೃಷಿ ವೇದಿಕೆಯ ಚೌಕಟ್ಟಿನಲ್ಲೇ ಇದೆ: ಬರೀ ಜನ ಕಲಿತರೆ ಸಾಲದು, ಸಂಸ್ಥೆಗಳೂ ನೀತಿಗಳೂ ಬದಲಾಗಬೇಕು. ಸಭೆಗಳಲ್ಲಿ ಆ ಚೌಕಟ್ಟಿನ ಚಿತ್ರ ತೋರಿಸ್ತಾರೆ, ಚೆನ್ನಾಗೇ ತೋರಿಸ್ತಾರೆ. ಆಮೇಲೆ ಮತ್ತೆ ರೈತರನ್ನೇ ಬೆಂಚಿನ ಮೇಲೆ ಕೂರಿಸ್ತಾರೆ. ರೈತರ ಮಾತು ಕೇಳಿ ತನ್ನ ಪ್ರಯೋಗ ಬದಲಿಸೋದನ್ನು ವಿಜ್ಞಾನಿಗೆ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋದನ್ನು ಅಧಿಕಾರಿಗೆ ಕಲಿಸೋ ತರಬೇತಿ ಎಲ್ಲಾದರೂ ಇದ್ದರೆ ಹೇಳಿ. ನಾನೇ ಹೋಗಿ ಮೊದಲ ಸಾಲಲ್ಲಿ ಕೂರ್ತೀನಿ, ಸರ್ಟಿಫಿಕೇಟು ಬೇಡ.