ಕೋಳಿ ನೀರು ಬಿಟ್ಟಿತು, ನವಣೆ ನೀರು ಕುಡಿಯಿತು

ಪೆಪ್ಪರ್ ಚಿಕನ್ ಡ್ರೈ ಮಾಡಲು ಹೊರಟವರ ಬಾಣಲೆಯಲ್ಲಿ ಕಾಲು ಗಂಟೆಗೆಲ್ಲ ಸಾರು ಕುದಿಯುತ್ತಿರುತ್ತದೆ. ಪಕ್ಕದ ಒಲೆಯಲ್ಲಿ ಸಲಾಡ್ ಆಗಬೇಕಿದ್ದ ನವಣೆ ಮುದ್ದೆಯಾಗಿರುತ್ತದೆ. ಮುದ್ದೆಗೆ ಕೋಳಿ ಸಾರು ಒಳ್ಳೆಯ ಜೋಡಿಯೇ, ಆದರೆ ಅದಕ್ಕೆ ರಾಗಿ ಇತ್ತಲ್ಲ! ಎರಡೂ ಅನಾಹುತದ ಹಿಂದೆ ಇರುವುದು ನೀರು.

ಅರ್ಧ ಕೆಜಿ ಬ್ರಾಯ್ಲರ್ ಕೋಳಿ, ಮೂಳೆ ಸಮೇತ, ಸಣ್ಣ ತುಂಡು. ತೊಳೆದ ಮೇಲೆ ತೂತಿನ ಪಾತ್ರೆಯಲ್ಲಿ 10 ನಿಮಿಷ ಬಸಿಯಲು ಬಿಡಿ. ಕಾಲು ಚಮಚ ಅರಿಶಿನ, 1 ಚಮಚ ಉಪ್ಪು, 1 ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಅರ್ಧ ಹೋಳು ನಿಂಬೆರಸ ಸವರಿ ಅರ್ಧ ಗಂಟೆ ಇಟ್ಟರೆ ಸಾಕು. ‘ರಾತ್ರಿಯೆಲ್ಲ ನೆನೆದರೆ ಇನ್ನೂ ರುಚಿ’ ಅನ್ನುವವರ ಮಾತು ಕೇಳಬೇಡಿ. ನಿಂಬೆಯ ಹುಳಿಯಲ್ಲಿ ಬೆಳಗಿನವರೆಗೆ ಕೂತ ಮಾಂಸದ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ.

ಮಸಾಲೆಗೆ 2 ಚಮಚ ಕಾಳುಮೆಣಸು, 1 ದೊಡ್ಡ ಚಮಚ ಧನಿಯಾ, 1 ಚಮಚ ಜೀರಿಗೆ, ಅರ್ಧ ಚಮಚ ಸೋಂಪು. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿದರೆ ಧನಿಯಾ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕರಕಲು. ಸಣ್ಣ ಉರಿಯಲ್ಲಿ ಧನಿಯಾ ಮೊದಲು, ಆಮೇಲೆ ಮೆಣಸು, ಕೊನೆಯ ಅರ್ಧ ನಿಮಿಷಕ್ಕೆ ಜೀರಿಗೆ, ಸೋಂಪು. ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ.

ಈಗ ಅಸಲಿ ಪರೀಕ್ಷೆ. ಅಗಲ ಬಾಣಲೆಯಲ್ಲಿ 3 ದೊಡ್ಡ ಚಮಚ ಎಣ್ಣೆ ಕಾಯಿಸಿ, ಕರಿಬೇವು, ಹೆಚ್ಚಿದ 2 ಈರುಳ್ಳಿ ಬಾಡಿಸಿ, ಕೋಳಿಯನ್ನು ಒಂದೇ ಪದರದಲ್ಲಿ ಹರಡಿ. ದೊಡ್ಡ ಉರಿ, 2 ನಿಮಿಷ ಸೌಟು ಮುಟ್ಟಬಾರದು. ಕೈ ಕೇಳುವುದಿಲ್ಲ, ಗೊತ್ತು. ಸೌಟನ್ನು ಬೇರೆಯವರ ಕೈಗೆ ಕೊಟ್ಟುಬಿಡಿ. ನೆಂಟರು ಹೆಚ್ಚಾದರೆಂದು ಅದೇ ಬಾಣಲೆಗೆ 1 ಕೆಜಿ ತುರುಕಿದರೆ ಬಾಣಲೆ ತಣಿಯುತ್ತದೆ, ಬಿಟ್ಟ ನೀರು ಆವಿಯಾಗದೆ ನಿಲ್ಲುತ್ತದೆ, ಕೋಳಿ ಹುರಿಯುವ ಬದಲು ಬೇಯುತ್ತದೆ. ಎರಡು ಸಲ ಮಾಡಿ.

ಮಗುಚಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 10 ನಿಮಿಷ. ‘ತಳ ಹಿಡಿಯುತ್ತೇನೋ, ಒಂದು ಲೋಟ ನೀರು ಹಾಕಲಾ?’ ಅಂತ ಹಾಲ್‌ನಿಂದ ಒಂದು ದನಿ ಬಂದೇ ಬರುತ್ತದೆ. ಬೇಡ. ಆಮೇಲೆ ಮುಚ್ಚಳ ತೆಗೆದು, ಮುಕ್ಕಾಲು ಪಾಲು ಪುಡಿ ಉದುರಿಸಿ, ಉರಿ ಏರಿಸಿ 6-8 ನಿಮಿಷ ನೀರು ಇಂಗಿಸಿ. ದಪ್ಪ ತುಂಡನ್ನು ಮೂಳೆಯ ಹತ್ತಿರ ಕತ್ತರಿಸಿ ನೋಡಿ: ಗುಲಾಬಿ ಬಣ್ಣ ಕಂಡರೆ ಇನ್ನಷ್ಟು ಬೇಯಬೇಕು. ಉಳಿದ ಪುಡಿ ಒಲೆ ಆರಿಸಿದ ಮೇಲೆ. ಮೊದಲೇ ಹಾಕಿದರೆ ಮೆಣಸಿನ ಘಮ ಚಿಮಣಿಯ ಪಾಲು. ನಾಟಿ ಕೋಳಿಗೆ ಈ ಲೆಕ್ಕ ನಡೆಯದು, ಅದು ಮೊದಲು ಕುಕ್ಕರ್ ಕಾಣಬೇಕು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ನವಣೆ ಪ್ಯಾಕೆಟ್ ಎಷ್ಟೋ ಅಡುಗೆಮನೆಗಳನ್ನು ಹೊಕ್ಕಿತು, ನೀರಿನ ಅಳತೆ ಮಾತ್ರ ಹೊರಗೇ ಉಳಿಯಿತು. 1 ಲೋಟ ನವಣೆಯನ್ನು ಕಲ್ಲು ಹೋಗುವಂತೆ ಜಾಲಿಸಿ, ಅರ್ಧ ಗಂಟೆ ನೆನೆಸಿ, ಪೂರ್ತಿ ಬಸಿಯಿರಿ. ಒಂದೂ ಮುಕ್ಕಾಲು ಲೋಟ ಕುದಿಯುವ ನೀರಿಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿ; ಒಲೆ ಆರಿಸಿ 10 ನಿಮಿಷ ಹಾಗೇ ಬಿಡಿ. ನಡುವೆ ಕೆದಕಿದಿರೋ, ಮುದ್ದೆ. ತಟ್ಟೆಗೆ ಹರಡಿ, 1 ಚಮಚ ಎಣ್ಣೆ ಚಿಮುಕಿಸಿ ಪೂರ್ತಿ ಆರಿಸಿ. ಬಿಸಿ ನವಣೆಗೆ ಸೌತೆಕಾಯಿ ಬೆರೆಸಿದರೆ ಅದು ಅಲ್ಲೇ ಬೆಂದು ಬಾಡುತ್ತದೆ. ಸೌತೆ, ದಾಳಿಂಬೆ, ಕೊತ್ತಂಬರಿ ಸೊಪ್ಪು, ನಿಂಬೆರಸ, ಉಪ್ಪು ಎಲ್ಲ ಬಡಿಸುವ ಹೊತ್ತಿಗೆ. ಉಪ್ಪು ಬಿದ್ದ ಕ್ಷಣದಿಂದ ಸೌತೆ ನೀರು ಬಿಡಲು ಶುರು.

ಕಲಸಿದ ಸಲಾಡ್ ನಾಳೆಗೆ ಬಾರದು. ಹೆಚ್ಚಾದ ನವಣೆಯನ್ನು ಕಲಸುವ ಮೊದಲೇ ಫ್ರಿಜ್‌ಗೆ ಎತ್ತಿಟ್ಟರೆ ಬೆಳಿಗ್ಗೆ ಉದುರು ಉದುರಾಗಿ ಚಿತ್ರಾನ್ನಕ್ಕೆ ಒದಗುತ್ತದೆ.