ಬಾಂಡ್ ಪೇಪರಿನ ವಿಚ್ಛೇದನ

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಗಂಡ ಹೆಂಡತಿ ಬೇರೆಯಾಗುವ ಮಾತು ಬಂದರೆ ಎರಡೂ ಮನೆಯ ಹಿರಿಯರು ಕೂತು, ಬಂಗಾರದ ಲೆಕ್ಕ ಮುಗಿಸಿ, ಬಾಂಡ್ ಪೇಪರಿನ ಮೇಲೆ ‘ಇಂದಿನಿಂದ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರುವುದಿಲ್ಲ’ ಎಂದು ಬರೆಸಿ, ನೋಟರಿಯ ಮೊಹರು ಹಾಕಿಸಿ ಎದ್ದುಹೋಗುವ ಪದ್ಧತಿ ಇನ್ನೂ ನಿಂತಿಲ್ಲ. ಕೋರ್ಟು ಅಲೆಯುವುದು ಬೇಡ, ಮನೆಯ ಮಾತು ಬೀದಿಗೆ ಬರುವುದು ಬೇಡ ಎಂಬ ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಕೀಲನಾಗಿ ಹೇಳಲೇಬೇಕು, ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಗತ ವಿಚ್ಛೇದನವನ್ನು ಉಳಿಸಿದೆಯಾದರೂ, ಅಂಥ ರೂಢಿ ತಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ನಡೆದುಬಂದಿದೆ ಎಂದು ಸಾಕ್ಷ್ಯ ಸಹಿತ ಸಾಬೀತುಪಡಿಸುವ ಹೊರೆ ಅದನ್ನು ಮುಂದೊಡ್ಡುವವರ ಮೇಲೆಯೇ ಇರುತ್ತದೆ.

ಇದರ ಬಿಸಿ ತಟ್ಟುವುದು ಎಷ್ಟೋ ವರ್ಷಗಳ ನಂತರ, ಹೆಚ್ಚಾಗಿ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಹೊತ್ತಿಗೆ. ಬಾಂಡನ್ನು ನಂಬಿ ಎರಡನೇ ಮದುವೆಯಾಗಿದ್ದ ಅಡಿಕೆ ಬೆಳೆಗಾರರೊಬ್ಬರು ತೀರಿಕೊಂಡಾಗ, ಕಾನೂನಿನ ಪ್ರಕಾರ ಅವರ ಪತ್ನಿ ಮೊದಲನೆಯವರೇ ಆಗಿದ್ದರು. ಅಡಿಕೆ ಸುಲಿದು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಮಾಡಿದ ಎರಡನೆಯವರಿಗೆ ಪತ್ನಿಯೆಂಬ ನೆಲೆಯಲ್ಲಿ ತೋಟದಲ್ಲಿ ಪಾಲಿರಲಿಲ್ಲ. ಅವರ ಮಗನಿಗೆ ಮಾತ್ರ ಅದೇ ಕಾಯ್ದೆಯ 16ನೇ ಕಲಂ ರಕ್ಷಣೆ ಕೊಡುತ್ತದೆ. ಅಂಥ ಮಕ್ಕಳಿಗೆ ತಂದೆಯ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂಬುದನ್ನು ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿತು.

ಇಬ್ಬರಿಗೂ ಒಪ್ಪಿಗೆಯಿದ್ದರೆ ಕೋರ್ಟಿನ ದಾರಿ ಜನ ಹೆದರುವಷ್ಟು ದೂರದ್ದಲ್ಲ. ಒಂದು ವರ್ಷ ಬೇರೆ ಬಾಳಿದ್ದರೆ 13ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಬಹುದು. ನಂತರದ ಆರು ತಿಂಗಳ ಕಾಯುವಿಕೆಯನ್ನೂ ತಕ್ಕ ಕಾರಣವಿದ್ದರೆ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಒಪ್ಪಿಗೆಯಿಲ್ಲದೆ ಹೆಂಡತಿಯೇ ಅರ್ಜಿ ಹಾಕುವುದಾದರೆ, ಬೆಂಗಳೂರಿಗೆ ಕೊಟ್ಟ ಮಗಳು ತವರಿಗೆ ಬಂದು ನೆಲೆಸಿದ್ದಲ್ಲಿ ಇಲ್ಲಿಯೇ ಹಾಕಬಹುದು.

ನನಗೆ ಹೆಚ್ಚು ಸಿಟ್ಟು ಬರುವುದು ಮಗುವಿನ ಕುರಿತ ಸಾಲುಗಳನ್ನು ಓದುವಾಗ. ‘ಮಗುವಿನ ಖರ್ಚು ಕೇಳತಕ್ಕದ್ದಲ್ಲ’, ‘ತಂದೆ ಮಗುವನ್ನು ನೋಡಲು ಬರತಕ್ಕದ್ದಲ್ಲ’ ಎಂದು ಒಂದರ ಕೆಳಗೊಂದು ಬರೆದಿರುತ್ತಾರೆ, ಗದ್ದೆಯ ಗಡಿ ಗುರುತಿಸಿದಂತೆ. ಜೀವನಾಂಶ ಮಗುವಿನ ಹಕ್ಕು, ಅದನ್ನು ತಾಯಿ ಸಹಿ ಹಾಕಿ ಬಿಟ್ಟುಕೊಡಲಾಗದು. ಐದು ವರ್ಷ ತುಂಬಿದ ಮೇಲೆ ಮಗು ಅಪ್ಪನದೇ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುವುದು, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಷ್ಟೇ. ಆಮೇಲೆ ತಾನಾಗಿಯೇ ತಂದೆಗೆ ಸೇರಬೇಕೆಂದು ಅದು ಹೇಳುವುದಿಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮಗುವಿನ ಹಿತ. ತಿಳುವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದು ಎಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲಿಯೇ ಇದೆ. ಪಂಚಾಯಿತಿಗೆ ಕೂತ ಹಿರಿಯರಲ್ಲಿ ಮಗುವನ್ನು ಒಂದು ಮಾತು ಕೇಳಿದವರನ್ನು ನಾನಂತೂ ಕಂಡಿಲ್ಲ.

ದತ್ತಕದಲ್ಲಿಯೂ ಇದೇ ಬಾಂಡಿನ ಹಾವಳಿ. ಮಕ್ಕಳಿಲ್ಲದ ಅಣ್ಣನಿಗೆ ತಮ್ಮ ಮಗುವನ್ನು ಕೊಡುವುದಕ್ಕೆ ಹಿಂದೂ ದತ್ತಕ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಹೆತ್ತವರಿಬ್ಬರ ಒಪ್ಪಿಗೆಯೂ ನಿಜವಾಗಿ ಕೊಟ್ಟು ತೆಗೆದುಕೊಂಡ ಕ್ರಿಯೆಯೂ ಇರಬೇಕು. ಪತ್ರ ಮಾಡಿಸುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಆಗಲೇ ಕೋರ್ಟು ಅದನ್ನು ಮೇಲ್ನೋಟಕ್ಕೆ ನಂಬುತ್ತದೆ. ಅನಾಥ ಅಥವಾ ಪರಿತ್ಯಕ್ತ ಮಗುವಿನ ಮಾತು ಬೇರೆ. ಅದು ಕೇಂದ್ರ ದತ್ತಕ ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಪೋರ್ಟಲಿನ ಮೂಲಕವೇ ಆಗಬೇಕು, ಆದೇಶ ಕೊಡುವ ಅಧಿಕಾರ 2022ರಿಂದ ಜಿಲ್ಲಾಧಿಕಾರಿಯದು. ಯಾರದೋ ಮಧ್ಯಸ್ಥಿಕೆಯಲ್ಲಿ ಆಸ್ಪತ್ರೆಯಿಂದ ನೇರ ಮನೆಗೆ ಮಗು ತರುವುದು ಶಿಕ್ಷಾರ್ಹ ಅಪರಾಧ.

ವಕೀಲರ ಫೀಸಿಗೆ ಹೆದರಿ ಬಾಂಡಿಗೆ ಸಹಿ ಹಾಕುವ ಹೆಣ್ಣುಮಕ್ಕಳಿಗೆ ಒಂದು ಮಾಹಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲೂಕಿನ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ. ಸಹಿ ಹಾಕುವ ಮೊದಲು ಹೋದರೆ ಒಳ್ಳೆಯದು, ಹಾಕಿಯಾಗಿದ್ದರೂ ಹೋಗಿ.