ಕೊಳೆರೋಗದ ಪಾಠ: ನಿಜವಾದ ಶಿಕ್ಷಣ ಶಾಲೆಯ ಹೊರಗಿದೆಯೇ?

ಪರ

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಕೊಯ್ಲಿಗೆ ಬರುವ ಕೊನೆಗೌಡರು ಮರವೇರಿ ಕೊನೆಯನ್ನು (ಅಡಿಕೆಯ ಗೊನೆಯನ್ನು) ನೋಡಿದೊಡನೆ, ಇದು ಎಳೆಯದು, ಹಸಕ್ಕೆ ಸರಿ, ಇದು ಬಲಿತು ಬೆಟ್ಟೆಗೆ ಬಂದಿದೆ, ಇದನ್ನು ಇನ್ನು ಬಿಟ್ಟರೆ ಹಣ್ಣಾಗಿ ಗೋಟಾಗುತ್ತದೆ ಎಂದು ಹೇಳಬಲ್ಲರು. ಆ ನಿರ್ಧಾರ ತಪ್ಪಿದರೆ ಬೆಳೆಗಾರನ ವರ್ಷದ ದುಡಿಮೆಗೆ ಬೆಲೆ ಇಳಿಯುತ್ತದೆ. ಆದ್ದರಿಂದ ಅಲ್ಲಿನ ಕಲಿಕೆಯಲ್ಲಿ ಕಣ್ಣು, ಕೈಗಳ ಜೊತೆಗೆ ಹೊಣೆಯೂ ಇದೆ. ಶಾಲೆಯಲ್ಲಿ ತಪ್ಪಿಗೆ ತೆರಬೇಕಾದದ್ದು ಒಂದೆರಡು ಅಂಕ ಮಾತ್ರ. ಶಿಲೀಂಧ್ರದ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುವ ವಿದ್ಯಾರ್ಥಿ, ತನ್ನದೇ ತೋಟದಲ್ಲಿ ಹಸಿರು ಕಾಯಿಗಳು ಉದುರಿ ಬಿದ್ದಿರುವಾಗ ಅದು ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗವೆಂದು ಗುರುತಿಸಲಾರದೆ ನಿಂತದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಔಷಧಿ ಬರುವ ಮೊದಲೇ ಮಲೆನಾಡಿನ ಬೆಳೆಗಾರರು ಕೊನೆಗಳಿಗೆ ಮಳೆ ತಾಗದಂತೆ ಕಾಯುವ ಹೊದಿಕೆಯನ್ನು, ಅಂದರೆ ಕೊಟ್ಟೆಯನ್ನು ಕಟ್ಟುತ್ತಿದ್ದರು. ರೋಗ ತರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ನಿಂತಲ್ಲಿ ಕೊಳೆ ಬರುತ್ತದೆಂದು ತಾವೇ ಕಂಡುಕೊಂಡು, ಉಪಾಯ ಹೂಡಿ, ಮಳೆಗಾಲದಿಂದ ಮಳೆಗಾಲಕ್ಕೆ ಅದನ್ನು ಪರೀಕ್ಷಿಸಿದ್ದರು. ಇದನ್ನು ಶಿಕ್ಷಣವೆನ್ನದೆ ಬೇರೇನೆನ್ನಬೇಕು?

ವಿರೋಧ

ಕೊಟ್ಟೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಳೆ ಹಿಡಿದು ಸುರಿದ ವರ್ಷಗಳಲ್ಲಿ ಕೊಟ್ಟೆ ಎಲ್ಲ ಕೊನೆಗಳನ್ನೂ ಕಾಯಲಾರದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಜೀವಿಯನ್ನು ಅಧ್ಯಯನ ಮಾಡಿ, 1910ರಲ್ಲಿ ವರದಿ ಪ್ರಕಟಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಈ ಲೆಕ್ಕ ಇಂದು ಮಲೆನಾಡಿನ ಯಾವ ಬೆಳೆಗಾರನಿಗೆ ಗೊತ್ತಿಲ್ಲ? ಅಷ್ಟು ದೂರದ ತಿಳಿವಳಿಕೆ ಇಲ್ಲಿಗೆ ತಲುಪಿದ್ದು ಯಾರೋ ಬರೆದಿಟ್ಟದ್ದನ್ನು ಇನ್ಯಾರೋ ಓದಿದ್ದರಿಂದ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ತೋಟದ ಶಿಕ್ಷಣ ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಡೆಯನ ಮಗ ಲೆಕ್ಕ ಬರೆಯುವುದನ್ನು ಕಲಿತರೆ, ಕೂಲಿಯವನ ಮಗ ಮರ ಹತ್ತುವುದನ್ನಷ್ಟೇ ಕಲಿತ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಜಗಳದ ಮೂಲದಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರವಿತ್ತು. ಮಣ್ಣು, ಮಳೆ, ಬೀಜಗಳನ್ನು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಆ ಬಲ್ಲವಿಕೆ ಅವರನ್ನು ಅನ್ಯಾಯದ ಅಳತೆಯಿಂದ ಕಾಯಲಿಲ್ಲ. ಮುಂದೆ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದಾಗಲೂ, ಉಳುವವನು ಭೂಮಿಯ ಒಡೆಯನಾಗಬೇಕಾದರೆ ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಬೇಕಿತ್ತು. ಓದು ಬಾರದ ಗೇಣಿದಾರ ತನ್ನ ಬದುಕನ್ನೇ ತೀರ್ಮಾನಿಸುವ ಆ ಕಾಗದಕ್ಕಾಗಿ ಇನ್ನೊಬ್ಬರ ಕೈ ಕಾಯಬೇಕಾಯಿತು. ಶಾಲೆ ಎಷ್ಟೇ ಕೊರತೆಯದಾಗಿರಲಿ, ಅಂಥವರ ಮಕ್ಕಳಿಗೆ ಹುಟ್ಟಿನ ಹಂಗಿಲ್ಲದೆ ತೆರೆದ ಬಾಗಿಲು ಅದೊಂದೇ ಎಂದು ನಾನು ನಂಬುತ್ತೇನೆ. ತೋಟದ ವಿದ್ಯೆಯನ್ನು ಮನಸಾರೆ ಹೊಗಳುವ ನಾವೂ ನಮ್ಮ ಮಕ್ಕಳನ್ನು ಶಿವಮೊಗ್ಗದ ಹಾಸ್ಟೆಲಿಗೇ ಕಳಿಸಿದೆವು.

ನಮ್ಮಲ್ಲಿಗೆ ಬರುವ ಕೊನೆಗೌಡರೂ ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದಾರೆ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ ಔಷಧಿ ಹೊಡೆಯಲು ದ್ರಾವಣ ಕಲಸುತ್ತಿದ್ದೆವು. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಎಂದಿನಂತೆ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಅದರ ಮೇಲೆ ಕೆಂಪು ಬಣ್ಣ ಕೂತಿತು. ಇನ್ನಷ್ಟು ಸುಣ್ಣ ಬೇಕು ಎಂದರು ಅವರು. ರಜೆಯಲ್ಲಿದ್ದ ಮಗಳು ಪಕ್ಕದಲ್ಲೇ ನಿಂತಿದ್ದಳು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ಸುಣ್ಣದೊಡನೆ ಸೇರದೆ ಉಳಿದ ತಾಮ್ರವನ್ನು ದ್ರಾವಣದಿಂದ ಹೊರಕ್ಕೆ ತಳ್ಳಿ ತಾನು ಅದರ ಜಾಗಕ್ಕೆ ಹೋಗುತ್ತದೆ, ಆ ಕೆಂಪು ತಾಮ್ರದ್ದೇ ಎಂದು ಅಪ್ಪನಿಗೆ ವಿವರಿಸಿದಳು. ಇಷ್ಟು ವರ್ಷ ಅದೇ ಕತ್ತಿಯನ್ನು ಅದ್ದುತ್ತ ಬಂದ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.